ಟ್ಯಾಂಕಿನ ಮೋಟಾರ್ ಸರ್ಕ್ಯೂಟಿನಲ್ಲಿ ಡೋಂಟ್ ಕೇರ್ ಚೌಕಕ್ಕೆ 0 ಇಡಬೇಕೇ, 1 ಇಡಬೇಕೇ?

ದಾವಣಗೆರೆ, ಮೂರನೇ ಸೆಮಿಸ್ಟರ್ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಕಿರು ಪ್ರಾಜೆಕ್ಟಿಗಾಗಿ ನಾನು ಮನೆಯ ಓವರ್‌ಹೆಡ್ ಟ್ಯಾಂಕ್ ತುಂಬಿಸುವ ಮೋಟಾರಿಗೆ ಒಂದು ನಿಯಂತ್ರಕ ಮಾಡುತ್ತಿದ್ದೇನೆ. ಮೈಕ್ರೋಕಂಟ್ರೋಲರ್ ಬಳಸದೆ ಗೇಟುಗಳಲ್ಲಿಯೇ ಮುಗಿಸಬೇಕೆಂಬುದು ಷರತ್ತು.

ಟ್ಯಾಂಕಿನ ಕೆಳಮಟ್ಟದಲ್ಲೊಂದು, ಮೇಲ್ಮಟ್ಟದಲ್ಲೊಂದು ಫ್ಲೋಟ್ ಸ್ವಿಚ್ ಇವೆ. ನೀರು ಕೆಳಮಟ್ಟಕ್ಕಿಂತ ಮೇಲಿದ್ದರೆ ಕೆ = 1, ಮೇಲ್ಮಟ್ಟ ಮುಟ್ಟಿದ್ದರೆ ಮೇ = 1, ಮೋಟಾರ್ ಈಗ ಓಡುತ್ತಿದ್ದರೆ ಮೋ = 1 ಎಂದು ಇಟ್ಟುಕೊಂಡಿದ್ದೇನೆ. ಎರಡೂ 0 ಆಗಿದ್ದರೆ ಮೋಟಾರ್ ಓಡಬೇಕು. ಎರಡೂ 1 ಆಗಿದ್ದರೆ ನಿಲ್ಲಬೇಕು. ಕೆ = 1, ಮೇ = 0 ಆಗಿದ್ದಾಗ ಮೋಟಾರ್ ಯಾವ ಸ್ಥಿತಿಯಲ್ಲಿದೆಯೋ ಅದರಲ್ಲೇ ಮುಂದುವರಿಯಬೇಕು. ಉಳಿದದ್ದು ಕೆ = 0, ಮೇ = 1. ಕೆಳಗೆ ನೀರಿಲ್ಲದೆ ಮೇಲೆ ಮಾತ್ರ ನೀರಿರಲು ಸಾಧ್ಯವಿಲ್ಲವಾದ್ದರಿಂದ ಕಾರ್ನೋ ನಕ್ಷೆಯಲ್ಲಿ (ಪ್ರತಿ ಇನ್‌ಪುಟ್ ಜೋಡಣೆಗೂ ಒಂದು ಚೌಕವಿರುವ ಕೋಷ್ಟಕ) ಆ ಎರಡು ಚೌಕಗಳಿಗೆ ಡೋಂಟ್ ಕೇರ್, ಅಂದರೆ 0 ಆದರೂ 1 ಆದರೂ ಸರಿ, ಎಂದು ಗುಣಾಕಾರದ ಗುರುತು ಹಾಕಿದೆ. ಅವನ್ನು 1 ಎಂದು ಹಿಡಿದು ಅಕ್ಕಪಕ್ಕದ ಒಂದುಗಳಿಂದ ನಾಲ್ಕರ ಗುಂಪು ಮಾಡಿದರೆ (ಗುಂಪು ದೊಡ್ಡದಾದಷ್ಟೂ ಸಮೀಕರಣ ಚಿಕ್ಕದು), ಮೋಟಾರಿನ ಮುಂದಿನ ಸ್ಥಿತಿಗೆ

ಕೆ′ + ಮೇ′·ಮೋ

ಎಂಬ ಉತ್ತರ ಬರುತ್ತದೆ. (ಮೇಲಿನ ಗೀಟು ನಾಟ್, ಚುಕ್ಕೆ ಆಂಡ್, ಕೂಡುವ ಗುರುತು ಆರ್.) ಸಹಪಾಠಿಯೊಬ್ಬರು ಅದೇ ಚೌಕಗಳನ್ನು 0 ಎಂದು ಹಿಡಿದು ಕೆ′·ಮೇ′ + ಮೇ′·ಮೋ ಎಂದು ಬರೆದಿದ್ದಾರೆ. ನನ್ನದು ಚಿಕ್ಕದಾಗಿರುವುದರಿಂದ ಅದೇ ಸರಿಯೆಂದು ನನ್ನ ವಾದ. ಇದನ್ನು ಒಪ್ಪಬಹುದೇ?

ಚಿತ್ರದುರ್ಗ, ಡಿಜಿಟಲ್ ಎಲೆಕ್ಟ್ರಾನಿಕ್ಸ್ ಉಪನ್ಯಾಸಕ

ನಿಮ್ಮ ನಕ್ಷೆಯೂ ಗುಂಪುಗಳೂ ಸರಿಯಾಗಿವೆ. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದರೆ ನಿಮ್ಮ ಉತ್ತರಕ್ಕೆ ಪೂರ್ತಿ ಅಂಕ ಸಿಗುತ್ತದೆ. ಆದರೆ ನೀವು ಕೇಳುತ್ತಿರುವುದು ಪರೀಕ್ಷೆಯ ಪ್ರಶ್ನೆಯಲ್ಲ, ಟ್ಯಾಂಕಿನ ಮೇಲೆ ಕೂರಿಸುವ ಸರ್ಕ್ಯೂಟಿನ ಪ್ರಶ್ನೆ. ಅದಕ್ಕೆ ಬರುವ ಮುನ್ನ, ಈ ಗುರುತು ನಮಗೆ ಯಾವ ಸ್ವಾತಂತ್ರ್ಯವನ್ನು ಕೊಡುತ್ತದೆ ಎಂಬುದನ್ನು ಯಾವ ಸಂಶಯಕ್ಕೂ ಎಡೆಯಿಲ್ಲದ ಒಂದು ಉದಾಹರಣೆಯಲ್ಲಿ ನೋಡೋಣ.

ಏಳು ಪಟ್ಟಿಯ ಡಿಸ್‌ಪ್ಲೇಯನ್ನು ತೆಗೆದುಕೊಳ್ಳಿ. ಒಳಬರುವ ಬಿಸಿಡಿ (ಒಂದು ದಶಮಾಂಶ ಅಂಕಿಯನ್ನು ನಾಲ್ಕು ಬಿಟ್‌ಗಳಲ್ಲಿ ಬರೆಯುವ) ಸಂಕೇತದ ನಾಲ್ಕು ಬಿಟ್‌ಗಳಿಗೆ 8, 4, 2, 1ರ ಕ್ರಮದಲ್ಲಿ ಕ, ಖ, ಗ, ಘ ಎಂದು ಹೆಸರಿಡೋಣ. ನಾಲ್ಕು ಬಿಟ್‌ಗಳಿಂದ 16 ಜೋಡಣೆಗಳಾಗುತ್ತವೆ, ಅಂಕಿಗಳು 10 ಮಾತ್ರ. ಆದ್ದರಿಂದ 10ರಿಂದ 15ರವರೆಗಿನ ಆರು ಚೌಕಗಳು ಡೋಂಟ್ ಕೇರ್. ಕೆಳಗಿನ ಎಡಬದಿಯ ಪಟ್ಟಿ 0, 2, 6, 8ಕ್ಕೆ ಮಾತ್ರ ಉರಿಯಬೇಕು. ಆ ಆರು ಚೌಕಗಳನ್ನು ಮುಟ್ಟದೆ ಸುಲಭೀಕರಿಸಿದರೆ 0 ಮತ್ತು 8ರ ಜೋಡಿ, 2 ಮತ್ತು 6ರ ಜೋಡಿ ಸಿಕ್ಕಿ ಖ′·ಗ′·ಘ′ + ಕ′·ಗ·ಘ′ ಎಂದಾಗುತ್ತದೆ. ಈಗ 10 ಮತ್ತು 14ರ ಚೌಕಗಳನ್ನು 1 ಎಂದು ಎರವಲು ಪಡೆಯಿರಿ. 0, 2, 8, 10 ಸೇರಿ ನಾಲ್ಕು ಮೂಲೆಗಳ ಗುಂಪಾಗುತ್ತದೆ, 2, 6, 10, 14 ಸೇರಿ ಒಂದು ಕಂಬಸಾಲಾಗುತ್ತದೆ. ಉತ್ತರ ಖ′·ಘ′ + ಗ·ಘ′. ಆರು ಲಿಟರಲ್‌ಗಳಿದ್ದದ್ದು (ಸಮೀಕರಣದಲ್ಲಿ ಚರವೊಂದು ಬರುವ ಪ್ರತಿ ಸಲಕ್ಕೂ ಒಂದು ಲಿಟರಲ್) ನಾಲ್ಕಾಯಿತು, ಮೂರು ಇನ್‌ಪುಟ್‌ನ ಆಂಡ್ ಗೇಟುಗಳ ಜಾಗಕ್ಕೆ ಎರಡು ಇನ್‌ಪುಟ್‌ನವು ಬಂದವು, ಕ ಎಂಬ ಬಿಟ್ ಈ ಪಟ್ಟಿಗೆ ಬೇಕೇ ಆಗಲಿಲ್ಲ.

11, 12, 13, 15 ಕೂಡ ಡೋಂಟ್ ಕೇರ್ ಆಗಿದ್ದರೂ ನಾವು ಅವನ್ನು ಮುಟ್ಟಲಿಲ್ಲ ಎಂಬುದನ್ನು ಗಮನಿಸಿ. ಗುಂಪು ದೊಡ್ಡದಾಗಲು ನೆರವಾದರೆ ಸೇರಿಸಿಕೊಳ್ಳುತ್ತೇವೆ, ಇಲ್ಲವಾದರೆ ಬಿಡುತ್ತೇವೆ. ಬರೀ ಡೋಂಟ್ ಕೇರ್ ಚೌಕಗಳಿಂದಲೇ ಒಂದು ಗುಂಪನ್ನು ಮಾಡಿದರೆ ಅನಗತ್ಯ ಗೇಟೊಂದು ಹೆಚ್ಚುತ್ತದೆಯೇ ಹೊರತು ಪ್ರಯೋಜನವಿಲ್ಲ.

ಚಿತ್ರದುರ್ಗ, ಡಿಪ್ಲೊಮಾ ವಿದ್ಯಾರ್ಥಿ

ಸರ್, ಇದಕ್ಕೆ ಹೊಂದಿದ ಒಂದು ಸಂಶಯ ನನ್ನಲ್ಲೂ ಇದೆ. ಅದೇ ಡಿಸ್‌ಪ್ಲೇಯ ಎಲ್ಲಕ್ಕಿಂತ ಮೇಲಿನ ಪಟ್ಟಿಗೆ, 6ಕ್ಕೂ ಅದು ಉರಿಯುತ್ತದೆ ಎಂದು ಹಿಡಿದು, ಒಂದುಗಳನ್ನು ಗುಂಪು ಮಾಡಿದೆ. ಕ + ಗ + ಖ·ಘ + ಖ′·ಘ′ ಎಂದು ಬಂತು. ಬಳಿಕ ಅದೇ ನಕ್ಷೆಯಲ್ಲಿ ಸೊನ್ನೆಗಳನ್ನು ಗುಂಪು ಮಾಡಿದೆ. 1 ಒಂಟಿಯಾಗಿ ಉಳಿಯಿತು, 4 ಮತ್ತು 12 ಜೋಡಿಯಾದವು. (ಕ + ಖ + ಗ + ಘ′)·(ಖ′ + ಗ + ಘ) ಎಂದು ಬಂತು. ಎರಡೂ ಒಂದೇ ಫಂಕ್ಷನ್ನಿನ ಎರಡು ರೂಪಗಳಾಗಿರಬೇಕಲ್ಲವೇ? ಬೂಲಿಯನ್ ನಿಯಮಗಳಿಂದ ಒಂದನ್ನು ಇನ್ನೊಂದಕ್ಕೆ ತರಲು ಎಷ್ಟು ಪ್ರಯತ್ನಿಸಿದರೂ ಆಗುತ್ತಿಲ್ಲ.

ಚಿತ್ರದುರ್ಗ, ಡಿಜಿಟಲ್ ಎಲೆಕ್ಟ್ರಾನಿಕ್ಸ್ ಉಪನ್ಯಾಸಕ

ತರಲು ಆಗುವುದಿಲ್ಲ, ಏಕೆಂದರೆ ಅವೆರಡೂ ಒಂದೇ ಫಂಕ್ಷನ್ ಅಲ್ಲ. 12 ಎಂದರೆ ಕ = 1, ಖ = 1, ಗ = 0, ಘ = 0. ಮೊದಲ ರೂಪದಲ್ಲಿ ಕ ಒಂದೇ ಸಾಕು, ಉತ್ತರ 1. ಎರಡನೆಯ ರೂಪದಲ್ಲಿ ಖ′ + ಗ + ಘ ಸೊನ್ನೆಯಾಗುವುದರಿಂದ ಉತ್ತರ 0. ಒಂದುಗಳನ್ನು ಕೂಡಿಸುವಾಗ 12ರ ಚೌಕವನ್ನು 1 ಎಂದೂ, ಸೊನ್ನೆಗಳನ್ನು ಕೂಡಿಸುವಾಗ ಅದನ್ನೇ 0 ಎಂದೂ ನೀವು ಬಳಸಿಕೊಂಡಿರಿ. 0ಯಿಂದ 9ರವರೆಗೆ ಎರಡೂ ಒಂದೇ ಉತ್ತರ ಕೊಡುತ್ತವೆ, ಆದ್ದರಿಂದ ಎರಡೂ ಸರಿ. ಅದರಾಚೆ ಅವು ಹೊಂದಬೇಕೆಂಬ ನಿಯಮವಿಲ್ಲ.

ಡೋಂಟ್ ಕೇರ್ ಇರುವ ಕೋಷ್ಟಕವು ಒಂದು ಫಂಕ್ಷನ್ನನ್ನಲ್ಲ, ಫಂಕ್ಷನ್‌ಗಳ ಒಂದು ಕುಟುಂಬವನ್ನು ಹೇಳುತ್ತದೆ. ಆರು ಚೌಕಗಳು ತೆರೆದಿದ್ದರೆ ಆ ಕುಟುಂಬದಲ್ಲಿ 64 ಸದಸ್ಯರು. ಸುಲಭೀಕರಣವೆಂದರೆ ಅವರಲ್ಲಿ ಅಗ್ಗದವರೊಬ್ಬರನ್ನು ಆರಿಸುವುದು. ಆರಿಸಿ ಸರ್ಕ್ಯೂಟ್ ಕಟ್ಟಿದ ಮೇಲೆ ಯಾವ ಚೌಕವೂ ತೆರೆದಿರುವುದಿಲ್ಲ. ಪ್ರತಿಯೊಂದೂ 0 ಅಥವಾ 1 ಆಗಿ ನಿಂತಿರುತ್ತದೆ. ಒಂದೇ ಔಟ್‌ಪುಟ್ಟಿನ ಯಾವುದಾದರೂ ಒಂದು ಗುಂಪಿಗೆ ಆ ಚೌಕ ಸೇರಿತೆಂದರೆ ಅದು 1 ಆಗಿಹೋಯಿತು. ಇನ್ನೊಂದು ಪಟ್ಟಿಯ ನಕ್ಷೆಯಲ್ಲಿ ಮಾತ್ರ ಅದೇ ಚೌಕವನ್ನು 0 ಎಂದು ಬಿಡಲು ನಿಮಗೆ ಹೊಸದಾಗಿ ಅವಕಾಶವಿದೆ.

ದಾವಣಗೆರೆ, ಮೋಟಾರ್ ಪ್ಯಾನೆಲ್ ಬೋರ್ಡ್ ತಯಾರಕ

ಸರ್ ಹೇಳಿದ ಕೊನೆಯ ಮಾತನ್ನು ಐಸಿಗಳಲ್ಲಿಯೇ ಕಣ್ಣಾರೆ ನೋಡಬಹುದು. 7447 ಎಂಬ ಡಿಕೋಡರ್ ಐಸಿಗೆ 10ರಿಂದ 14ರವರೆಗಿನ ಸಂಕೇತ ಕೊಟ್ಟರೆ ಯಾವ ಅಂಕಿಯೂ ಅಲ್ಲದ ವಿಚಿತ್ರ ಆಕಾರಗಳು ಉರಿಯುತ್ತವೆ, 15ಕ್ಕೆ ಮಾತ್ರ ಡಿಸ್‌ಪ್ಲೇ ಪೂರ್ತಿ ಆರುತ್ತದೆ. ಆ ಐಸಿಯಲ್ಲಿ 6ಕ್ಕೆ ಮೇಲಿನ ಪಟ್ಟಿ ಉರಿಯುವುದಿಲ್ಲ, ಹಾಗಾಗಿ ಅದರ ನಕ್ಷೆ ನಿಮ್ಮದಕ್ಕಿಂತ ಬೇರೆ. 4511 ಐಸಿಗೆ 9 ದಾಟಿದ ಯಾವ ಸಂಕೇತ ಕೊಟ್ಟರೂ ಡಿಸ್‌ಪ್ಲೇ ಆರಿಹೋಗುತ್ತದೆ. ಆರು ಚೌಕಗಳು ಅವೇ, ಆದರೆ ಎರಡನೆಯ ಐಸಿಯನ್ನು ರೂಪಿಸಿದವರು ಅವುಗಳ ಬಗ್ಗೆ ಚಿಂತಿಸಿದ್ದಾರೆ. ತೂಕ ತೋರಿಸುವ ಬೋರ್ಡಿನಲ್ಲಿ ತಪ್ಪು ಸಂಕೇತ ಬಂದಾಗ ಅರ್ಧಂಬರ್ಧ ಅಂಕಿ ಕಾಣುವುದಕ್ಕಿಂತ ಏನೂ ಕಾಣದಿರುವುದು ವ್ಯಾಪಾರಿಗೂ ರೈತರಿಗೂ ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಈಗ ತಂಗಿಯವರ ಟ್ಯಾಂಕಿಗೆ ಬರುತ್ತೇನೆ. ಕೆಳಗೆ ನೀರಿಲ್ಲದೆ ಮೇಲೆ ನೀರಿರುವುದಿಲ್ಲ ಎಂಬುದು ನೀರಿನ ಮಟ್ಟಿಗೆ ನಿಜ. ಆದರೆ ನಿಮ್ಮ ಗೇಟುಗಳಿಗೆ ಬರುವುದು ನೀರಲ್ಲ, ತಂತಿಯಲ್ಲಿ ಬರುವ ಸಂಕೇತ. ನಮ್ಮ ಕಡೆಯ ಕೊಳವೆಬಾವಿಗಳ ಗಡಸು ನೀರಿನಲ್ಲಿ ಸೆನ್ಸರ್ ಕಡ್ಡಿಗಳ ಮೇಲೆ ಬಿಳಿಯ ಪದರು ಕಟ್ಟುತ್ತದೆ. ತೇಲುಬುರುಡೆ ಪೈಪಿಗೆ ಸಿಕ್ಕಿಕೊಂಡು ಮೇಲೇಳದೆ ಉಳಿಯುತ್ತದೆ. ಮಹಡಿಯ ಮೇಲೆ ಎಳೆದ ವೈರನ್ನು ಬಿಸಿಲು ಒಣಗಿಸುತ್ತದೆ, ಇಲಿ ಅಳಿಲುಗಳು ಕಡಿಯುತ್ತವೆ. ಕೆಳಗಿನ ಸ್ವಿಚ್ಚಿನ ತಂತಿ ತುಂಡಾಯಿತೆಂದು ಇಟ್ಟುಕೊಳ್ಳಿ. ಕೆ ಯಾವಾಗಲೂ 0. ನಿಮ್ಮ ಸಮೀಕರಣದಲ್ಲಿ ಕೆ′ ಎಂಬ ಪದ ಒಂದೇ ಸಾಕು, ಮೋಟಾರ್ ಓಡುತ್ತಲೇ ಇರುತ್ತದೆ. ಟ್ಯಾಂಕ್ ತುಂಬಿ, ಮೇಲಿನ ಸ್ವಿಚ್ ಮೇ = 1 ಎಂದು ಸರಿಯಾಗಿಯೇ ಹೇಳುತ್ತಿದ್ದರೂ ನಿಮ್ಮ ಸರ್ಕ್ಯೂಟ್ ಅದನ್ನು ಕೇಳುವುದಿಲ್ಲ. ಬೇಸಿಗೆಯಲ್ಲಿ ಚಿತ್ರದುರ್ಗ ಜಿಲ್ಲೆಯ ಬಯಲುಸೀಮೆಯಲ್ಲಿ ಹಾಗೆ ಹರಿದುಹೋಗುವ ನೀರಿನ ಬೆಲೆ ಏನೆಂದು ಇಲ್ಲಿರುವ ಎಲ್ಲರಿಗೂ ಗೊತ್ತಿದೆ.

ದಾವಣಗೆರೆ, ಮೂರನೇ ಸೆಮಿಸ್ಟರ್ ವಿದ್ಯಾರ್ಥಿನಿ

ಅಣ್ಣ, ಇದು ನನ್ನ ಗಮನಕ್ಕೆ ಬಂದಿರಲಿಲ್ಲ, ವಿವರಿಸಿದ್ದಕ್ಕೆ ಧನ್ಯವಾದ. ಸಹಪಾಠಿಯ ಸಮೀಕರಣದಲ್ಲಿ ಕೆ = 0 ಎಂದು ಇಟ್ಟು ನೋಡಿದೆ. ಮೇ′ + ಮೇ′·ಮೋ ಆಗಿ ಮೇ′ ಮಾತ್ರ ಉಳಿಯುತ್ತದೆ. ಅಂದರೆ ತಂತಿ ತುಂಡಾದರೂ ಟ್ಯಾಂಕ್ ತುಂಬಿದಾಗ ಮೋಟಾರ್ ನಿಲ್ಲುತ್ತದೆ. ಹಾಗಾದರೆ ಸುರಕ್ಷತೆಗಾಗಿ ಒಂದು ಲಿಟರಲ್ ಹೆಚ್ಚು ಖರ್ಚು ಮಾಡಬೇಕೆಂದು ಒಪ್ಪಿಕೊಳ್ಳಲೇ?

ಚಿತ್ರದುರ್ಗ, ಡಿಜಿಟಲ್ ಎಲೆಕ್ಟ್ರಾನಿಕ್ಸ್ ಉಪನ್ಯಾಸಕ

ಒಪ್ಪುವ ಮೊದಲು ಲೆಕ್ಕ ಹಾಕಿ. ಡೋಂಟ್ ಕೇರ್ ಚೌಕಗಳೆರಡನ್ನೂ 0 ಎಂದು ಹಿಡಿದು, ಈ ಸಲ ಒಂದುಗಳ ಬದಲು ಸೊನ್ನೆಗಳನ್ನು ಗುಂಪು ಮಾಡಿ. ಮೇ = 1 ಇರುವ ನಾಲ್ಕೂ ಚೌಕಗಳು ಒಂದು ಗುಂಪು. ಉಳಿದ ಸೊನ್ನೆಗೆ ಪಕ್ಕದ ಚೌಕವೊಂದು ಜೊತೆಯಾಗುತ್ತದೆ. ಉತ್ತರ

ಮೇ′·(ಕೆ′ + ಮೋ).

ಲಿಟರಲ್‌ಗಳು ಮೂರು. ನಿಮ್ಮ ಕೆ′ + ಮೇ′·ಮೋ ಎಂಬುದರಲ್ಲೂ ಮೂರು. ಎರಡಕ್ಕೂ ಒಂದು ಆಂಡ್, ಒಂದು ಆರ್, ಎರಡು ನಾಟ್ ಸಾಕು. ಗುಣಲಬ್ಧಗಳ ಮೊತ್ತದ ರೂಪವನ್ನು ಮಾತ್ರ ನೋಡಿದ್ದರಿಂದ ಸಹಪಾಠಿಯ ಉತ್ತರ ದೊಡ್ಡದಾಗಿ ಕಂಡಿತು. ಒಂದು ಗೇಟಿನ ಉಳಿತಾಯವೂ ಇಲ್ಲದ ಕಡೆ ಅಪಾಯದ ಆಯ್ಕೆಗೆ ಯಾವ ಸಮರ್ಥನೆಯೂ ಉಳಿಯುವುದಿಲ್ಲ.

ಇನ್ನೊಂದು ವಿಷಯ. ಕೆ′ ಎಂಬುದನ್ನು ಸೆಟ್ ಎಂದೂ ಮೇ ಎಂಬುದನ್ನು ರೀಸೆಟ್ ಎಂದೂ ಓದಿದರೆ ನಿಮ್ಮ ಸಮೀಕರಣ ಪಠ್ಯದಲ್ಲಿರುವ, ಒಂದು ಬಿಟ್ ನೆನಪಿಡುವ ಎಸ್‌ಆರ್ ಫ್ಲಿಪ್‌ಫ್ಲಾಪ್‌ನ ಲಕ್ಷಣ ಸಮೀಕರಣವೇ ಆಗುತ್ತದೆ: ಎಸ್ + ಆರ್′·ಕ್ಯೂ (ಎಸ್ ಸೆಟ್, ಆರ್ ರೀಸೆಟ್, ಕ್ಯೂ ಈಗಿನ ಸ್ಥಿತಿ). ಅದರ ಪಕ್ಕದಲ್ಲಿ ಎಸ್·ಆರ್ = 0 ಎಂಬ ಷರತ್ತನ್ನು ಬರೆದಿರುತ್ತಾರೆ, ನಾವು ಪಾಠ ಮಾಡುವಾಗ ಅದನ್ನು ಬೇಗ ದಾಟಿಬಿಡುತ್ತೇವೆ. ಎರಡೂ 1 ಆಗುವ ಚೌಕಗಳನ್ನು ಡೋಂಟ್ ಕೇರ್ ಎಂದು ಹಿಡಿದು, ಬಳಿಕ 1 ಎಂದು ಬಳಸಿಕೊಂಡದ್ದರಿಂದಲೇ ಆ ಸಮೀಕರಣ ಅಷ್ಟು ಚಿಕ್ಕದಾಗಿದೆ. ಆದರೆ ಎರಡು ನಾರ್ ಗೇಟುಗಳನ್ನು (ಎರಡೂ ಇನ್‌ಪುಟ್ 0 ಆದಾಗ ಮಾತ್ರ 1 ಕೊಡುವವು) ಒಂದಕ್ಕೊಂದು ಜೋಡಿಸಿ ನಿಜವಾದ ಲ್ಯಾಚ್ (ಸ್ಥಿತಿಯನ್ನು ಹಿಡಿದಿಡುವ ಸರ್ಕ್ಯೂಟ್) ಕಟ್ಟಿದರೆ ಅದರ ಕ್ಯೂ ಔಟ್‌ಪುಟ್ ಆರ್′·(ಎಸ್ + ಕ್ಯೂ) ಎಂದು ವರ್ತಿಸುತ್ತದೆ. ಎರಡೂ 1 ಆದಾಗ ಸಮೀಕರಣ 1 ಎನ್ನುತ್ತದೆ, ಗೇಟು 0 ಕೊಡುತ್ತದೆ. ನಿಮಗೆ ಬೇಕಾದದ್ದು ಆ ನಾರ್ ಲ್ಯಾಚೇ. 4001 ಐಸಿಯಲ್ಲಿ ಎರಡು ಇನ್‌ಪುಟ್‌ನ ನಾಲ್ಕು ನಾರ್ ಗೇಟುಗಳಿವೆ, ಅದೊಂದರಲ್ಲೇ ಕೆಲಸ ಮುಗಿಯುತ್ತದೆ.

ದಾವಣಗೆರೆ, ಮೋಟಾರ್ ಪ್ಯಾನೆಲ್ ಬೋರ್ಡ್ ತಯಾರಕ

ಸರ್ ಬರೆದ ಎರಡನೆಯ ಸಮೀಕರಣ ತೋಟದ ಮನೆಯ ಪ್ರತಿಯೊಂದು ಸ್ಟಾರ್ಟರಿನೊಳಗೂ ಇದೆ. ಮುಚ್ಚಳ ತೆಗೆದು ವೈರ್ ಹಿಡಿದುಕೊಂಡು ಹೋಗಿ ನೋಡಿ. ಮೊದಲು ಕೆಂಪು ಗುಂಡಿ, ಅದು ಒತ್ತದಿದ್ದಾಗ ಕೂಡಿಕೊಂಡಿರುವ ಕಾಂಟ್ಯಾಕ್ಟ್. ಅದರ ನಂತರ ಸರಣಿಯಲ್ಲಿ ಹಸಿರು ಗುಂಡಿ, ಹಸಿರು ಗುಂಡಿಗೆ ಸಮಾನಾಂತರವಾಗಿ ಕಾಂಟ್ಯಾಕ್ಟರಿನದೇ ಹೋಲ್ಡಿಂಗ್ ಕಾಂಟ್ಯಾಕ್ಟ್, ಕೊನೆಗೆ ಕಾಯಿಲ್. ಹಸಿರು ಒತ್ತಿ ಬಿಟ್ಟರೂ ಮೋಟಾರ್ ಓಡುತ್ತಿರುವುದು ಆ ಹೋಲ್ಡಿಂಗ್‌ನಿಂದ. ಎರಡೂ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಕೆಂಪಿನದೇ ಗೆಲುವು. ಕೆಂಪು ಗುಂಡಿಯನ್ನು ಹೋಲ್ಡಿಂಗ್ ಕಾಂಟ್ಯಾಕ್ಟಿನ ಕವಲಿಗೆ ಮಾತ್ರ ಸರಣಿಯಾಗಿ ಜೋಡಿಸಿದ್ದರೆ ಅದು ತಂಗಿಯವರ ಮೊದಲ ಸಮೀಕರಣವಾಗುತ್ತಿತ್ತು. ಹಸಿರು ಗುಂಡಿ ಒಳಗೇ ಸಿಕ್ಕಿಕೊಂಡ ದಿನ ಕೆಂಪನ್ನು ಎಷ್ಟು ಒತ್ತಿದರೂ ಮೋಟಾರ್ ನಿಲ್ಲುತ್ತಿರಲಿಲ್ಲ.

ದಾವಣಗೆರೆಯವರು, ಬೆಂಗಳೂರಿನಲ್ಲಿ ಚಿಪ್ ವಿನ್ಯಾಸದ ಉದ್ಯೋಗಿ

ನಮ್ಮ ಕೆಲಸದಲ್ಲಿ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಸರ್ಕ್ಯೂಟನ್ನು ವಿವರಿಸುವ ವೆರಿಲಾಗ್ ಭಾಷೆಯಲ್ಲಿ ಬಾರದ ಸ್ಥಿತಿಗೆ ಎಕ್ಸ್ ಎಂದು ಬರೆದರೆ, ಆ ವಿವರಣೆಯನ್ನು ಗೇಟುಗಳಾಗಿಸುವ ಸಿಂಥೆಸಿಸ್ ಟೂಲ್ ಅದನ್ನು ಡೋಂಟ್ ಕೇರ್ ಎಂದು ಓದಿ ತನಗೆ ಅಗ್ಗವಾದುದನ್ನು ಆರಿಸಿಕೊಳ್ಳುತ್ತದೆ. ಸಿಮ್ಯುಲೇಷನ್ ಮಾತ್ರ ಅದನ್ನು ಗೊತ್ತಿಲ್ಲದ ಮೌಲ್ಯವೆಂದು ಓದುತ್ತದೆ. ಒಂದೇ ಅಕ್ಷರಕ್ಕೆ ಎರಡು ಕಡೆ ಎರಡು ವರ್ತನೆ ಇರುವುದರಿಂದ ಸಿಮ್ಯುಲೇಷನ್‌ನಲ್ಲಿ ಕಂಡದ್ದೇ ಚಿಪ್‌ನಲ್ಲಿ ಬರುತ್ತದೆಂದು ನಂಬುವಂತಿಲ್ಲ.

ಇದಲ್ಲದೆ ಡೋಂಟ್ ಕೇರ್‌ಗಳಲ್ಲಿ ಎರಡು ಬಗೆ ಇವೆ, ಅವನ್ನು ಬೇರೆಬೇರೆಯಾಗಿ ಯೋಚಿಸಬೇಕು. ಹಿಂದಿನ ಗೇಟುಗಳ ಜೋಡಣೆಯಿಂದಾಗಿ ಆ ಇನ್‌ಪುಟ್ ಜೋಡಿಯೇ ಹುಟ್ಟಲಾರದು ಎಂಬುದು ಒಂದು ಬಗೆ. ಇನ್‌ಪುಟ್ ಬಂದರೂ, ಮುಂದಿನ ಗೇಟು ಆ ಕ್ಷಣದಲ್ಲಿ ಈ ಔಟ್‌ಪುಟ್ಟನ್ನು ನೋಡುವುದೇ ಇಲ್ಲ ಎಂಬುದು ಇನ್ನೊಂದು ಬಗೆ. ಆಂಡ್ ಗೇಟಿನ ಒಂದು ಕಾಲು 0 ಆಗಿದ್ದಾಗ ಇನ್ನೊಂದು ಕಾಲಿನಲ್ಲಿ ಏನಿದ್ದರೂ ಔಟ್‌ಪುಟ್ ಬದಲಾಗುವುದಿಲ್ಲ ಎಂಬುದು ಇದಕ್ಕೆ ಉದಾಹರಣೆ. ಇವೆರಡನ್ನೂ ಸರ್ಕ್ಯೂಟಿನ ಒಳಗಡೆಯೇ ಸಾಬೀತು ಮಾಡಬಹುದು, ಟೂಲ್‌ಗಳು ಮಾಡುತ್ತವೆ ಕೂಡ. ಟ್ಯಾಂಕಿನ ಉದಾಹರಣೆಯಲ್ಲಿರುವುದು ಹೊರಗಿನ ಜಗತ್ತು ಹೀಗೆಯೇ ನಡೆದುಕೊಳ್ಳುತ್ತದೆ ಎಂಬ ನಂಬಿಕೆ. ಅದನ್ನು ಯಾವ ಟೂಲ್ ಕೂಡ ಸಾಬೀತು ಮಾಡಿಕೊಡಲಾರದು.

ಚಿತ್ರದುರ್ಗ, ಡಿಪ್ಲೊಮಾ ವಿದ್ಯಾರ್ಥಿ

ಕೌಂಟರ್‌ಗಳಲ್ಲಿ ಬಳಕೆಯಾಗದ ಸ್ಥಿತಿಗಳು ಯಾವ ಬಗೆಗೆ ಸೇರುತ್ತವೆ? ನಕ್ಷೆಯ ಬದಲು ಪಟ್ಟಿಗಳಿಂದ ಸುಲಭೀಕರಿಸುವ ಕ್ವೈನ್–ಮೆಕ್ಲಸ್ಕಿ ವಿಧಾನದಲ್ಲಿ ಡೋಂಟ್ ಕೇರ್‌ಗಳನ್ನು ಎಲ್ಲಿ ಬರೆಯಬೇಕು ಎಂಬುದನ್ನೂ ತಿಳಿಸಿ ಸರ್, ಮುಂದಿನ ವಾರ ಇಂಟರ್ನಲ್ ಪರೀಕ್ಷೆ ಇದೆ.

ಚಿತ್ರದುರ್ಗ, ಡಿಜಿಟಲ್ ಎಲೆಕ್ಟ್ರಾನಿಕ್ಸ್ ಉಪನ್ಯಾಸಕ

ಎರಡನೆಯದಕ್ಕೆ ಉತ್ತರ ಚಿಕ್ಕದು. ಪ್ರೈಮ್ ಇಂಪ್ಲಿಕೆಂಟ್‌ಗಳನ್ನು (ಇನ್ನು ಹಿಗ್ಗಿಸಲಾಗದ ಗುಂಪುಗಳನ್ನು) ಹುಡುಕುವಾಗ ಡೋಂಟ್ ಕೇರ್‌ಗಳನ್ನೂ ಮಿನ್‌ಟರ್ಮ್‌ಗಳ (1 ಇರಬೇಕಾದ ಚೌಕಗಳ) ಜೊತೆ ಪಟ್ಟಿಯಲ್ಲಿ ಸೇರಿಸಿ. ಅನಂತರ ಬರೆಯುವ ಆಯ್ಕೆಯ ಕೋಷ್ಟಕದಲ್ಲಿ ಅವುಗಳಿಗೆ ಕಂಬ ಹಾಕಬೇಡಿ, ಏಕೆಂದರೆ ಅವನ್ನು ಒಳಗೊಳ್ಳುವ ಹೊಣೆ ನಮಗಿಲ್ಲ. ಕಾರ್ನೋ 1953ರಲ್ಲಿ ನಕ್ಷೆಯನ್ನು ಪ್ರಕಟಿಸಿದರು, ಮೆಕ್ಲಸ್ಕಿ 1956ರಲ್ಲಿ ಕ್ವೈನ್ ಅವರ ವಿಧಾನವನ್ನು ಬೆಳೆಸಿದರು. ಕಣ್ಣಳತೆಯಲ್ಲಿ ಹಿಡಿಯಲಾಗದಷ್ಟು ಚರಗಳಿದ್ದಾಗ ಎರಡನೆಯದು ಬೇಕಾಗುತ್ತದೆ.

ಕೌಂಟರಿನ ಪ್ರಶ್ನೆ ಹೆಚ್ಚು ಮುಖ್ಯವಾದುದು. ಮೂರು ಡಿ ಫ್ಲಿಪ್‌ಫ್ಲಾಪ್‌ಗಳ (ಕೊಟ್ಟ ಬಿಟ್ಟನ್ನೇ ಮುಂದಿನ ಸ್ಥಿತಿಯಾಗಿ ಹಿಡಿಯುವವು) ಜಾನ್ಸನ್ ಕೌಂಟರನ್ನು ನೋಡಿ. 000, 100, 110, 111, 011, 001, ಮತ್ತೆ 000. 010 ಮತ್ತು 101 ಬಳಕೆಯಾಗುವುದಿಲ್ಲ. ಅವನ್ನು ಡೋಂಟ್ ಕೇರ್ ಎಂದು ಹಿಡಿದು ನಕ್ಷೆ ಬಿಡಿಸಿದರೆ ಮೊದಲ ಫ್ಲಿಪ್‌ಫ್ಲಾಪಿಗೆ ಮೂರನೆಯದರ ಪೂರಕ, ಎರಡನೆಯದಕ್ಕೆ ಮೊದಲನೆಯದು, ಮೂರನೆಯದಕ್ಕೆ ಎರಡನೆಯದು ಎಂದು ಬರುತ್ತದೆ. ಒಂದು ಗೇಟೂ ಬೇಕಿಲ್ಲ, ಬರೀ ತಂತಿಗಳು. ಆದರೆ ಕರೆಂಟ್ ಬಂದ ಕ್ಷಣದಲ್ಲಿ ಕೌಂಟರ್ 010ರಲ್ಲಿ ಎಚ್ಚರಗೊಂಡರೆ ಮುಂದಿನ ಸ್ಥಿತಿ 101, ಅದರ ಮುಂದಿನದು 010. ಆ ಎರಡರ ನಡುವೆಯೇ ಅದು ಓಡಾಡುತ್ತದೆ, ಸರಿಯಾದ ಸುತ್ತಿಗೆ ಎಂದೂ ಬರುವುದಿಲ್ಲ. ಮೂರನೆಯ ಫ್ಲಿಪ್‌ಫ್ಲಾಪಿಗೆ ಎರಡನೆಯದನ್ನು ನೇರವಾಗಿ ಕೊಡುವ ಬದಲು, ಎರಡನೆಯದು 1 ಆಗಿದ್ದು ಜೊತೆಗೆ ಮೊದಲನೆಯದೋ ಮೂರನೆಯದೋ 1 ಆಗಿದ್ದರೆ ಮಾತ್ರ 1 ಕೊಡಿ. ಬಳಕೆಯ ಆರು ಸ್ಥಿತಿಗಳಲ್ಲಿ ಏನೂ ಬದಲಾಗುವುದಿಲ್ಲ, 010 ಮಾತ್ರ 100ಕ್ಕೆ ಹೋಗಿ ಸುತ್ತಿಗೆ ಸೇರುತ್ತದೆ. ಇಲ್ಲಿ ಎರಡು ಗೇಟುಗಳ ಖರ್ಚು ನಿಜವಾಗಿಯೂ ಇದೆ, ಮಾಡಬೇಕಾದ ಖರ್ಚೇ ಅದು. ಎಲ್ಲ ಕೌಂಟರ್‌ಗಳೂ ಹೀಗೆ ಸಿಕ್ಕಿಬೀಳುವುದಿಲ್ಲ. 0ಯಿಂದ 5ರವರೆಗೆ ಎಣಿಸುವ ಕೌಂಟರನ್ನು ಡಿ ಫ್ಲಿಪ್‌ಫ್ಲಾಪ್‌ಗಳಲ್ಲಿ ಮಾಡಿ, 6 ಮತ್ತು 7 ಎಲ್ಲಿಗೆ ಹೋಗುತ್ತವೆಂದು ನೀವೇ ಲೆಕ್ಕಹಾಕಿ. 6ರಿಂದ 7ಕ್ಕೆ, 7ರಿಂದ 4ಕ್ಕೆ ಬಂದು ತಾನಾಗಿಯೇ ದಾರಿಗೆ ಸೇರುತ್ತದೆ. ಸುಲಭೀಕರಿಸಿದ ಬಳಿಕ ಬಿಟ್ಟ ಚೌಕಗಳಿಗೆ ಹಿಂದಿರುಗಿ ಈ ಪರಿಶೀಲನೆ ಮಾಡಿದ ಉತ್ತರಪತ್ರಿಕೆ ಕಂಡರೆ ನನಗೆ ಬಹಳ ಸಂತೋಷವಾಗುತ್ತದೆ.

ದಾವಣಗೆರೆ, ಮೂರನೇ ಸೆಮಿಸ್ಟರ್ ವಿದ್ಯಾರ್ಥಿನಿ

ಈಗ ಮೇ′·(ಕೆ′ + ಮೋ) ಎಂದು ನಿರ್ಧರಿಸಿ 4001 ತಂದಿದ್ದೇನೆ. ಕೇಳಬೇಕಾದದ್ದು ಎರಡಿವೆ. ಕೆಳಗಿನ ತಂತಿಯ ಬದಲು ಮೇಲಿನ ಸ್ವಿಚ್ಚಿನ ತಂತಿ ತುಂಡಾದರೆ ಮೇ ಯಾವಾಗಲೂ 0 ಆಗುತ್ತದೆ. ಆಗ ಎರಡೂ ಸಮೀಕರಣಗಳಲ್ಲಿ ನೀರು ಉಕ್ಕಿ ಹರಿಯುತ್ತದೆಯಲ್ಲವೇ? ಎರಡನೆಯದು, 4001ರಲ್ಲಿ ಉಳಿಯುವ ಎರಡು ಗೇಟುಗಳಿಂದ ಏನಾದರೂ ಉಪಯುಕ್ತ ಕೆಲಸ ಮಾಡಿಸಬಹುದೇ?

ದಾವಣಗೆರೆ, ಮೋಟಾರ್ ಪ್ಯಾನೆಲ್ ಬೋರ್ಡ್ ತಯಾರಕ

ಹೌದು, ಉಕ್ಕುತ್ತದೆ. ಅದು ನಕ್ಷೆಯಲ್ಲಿ ಸರಿಯಾಗುವ ವಿಷಯವಲ್ಲ, ಸ್ವಿಚ್ಚನ್ನು ಜೋಡಿಸುವ ಕ್ರಮದಲ್ಲಿ ಸರಿಯಾಗಬೇಕು. ಮೇಲಿನ ಫ್ಲೋಟ್ ಸ್ವಿಚ್, ಟ್ಯಾಂಕ್ ತುಂಬದಿರುವಾಗ ಕೂಡಿಕೊಂಡಿದ್ದು ತುಂಬಿದಾಗ ಬಿಟ್ಟುಕೊಳ್ಳುವಂತೆ ಇಡಿ. ಬಿಟ್ಟುಕೊಂಡರೆ ಮೇ = 1 ಎಂದು ಓದಿಕೊಳ್ಳುವಂತೆ ರೆಸಿಸ್ಟರ್ ಹಾಕಿ. ಆಗ ತುಂಡಾದ ತಂತಿ ತುಂಬಿದ ಟ್ಯಾಂಕಿನಂತೆ ಕಂಡು ಮೋಟಾರ್ ನಿಲ್ಲುತ್ತದೆ. ಕೆಳಗಿನದು ನೀರು ಇಳಿದಾಗ ಕೂಡಿಕೊಳ್ಳುವಂತಿರಲಿ. ಅದರ ತಂತಿ ಹೋದರೆ ಮೋಟಾರ್ ಶುರುವಾಗುವುದಿಲ್ಲ, ನಲ್ಲಿ ಬತ್ತಿದಾಗ ಮನೆಯವರಿಗೆ ಗೊತ್ತಾಗುತ್ತದೆ. ಎರಡೂ ಒಟ್ಟಿಗೆ ಹೋದರೂ ಕೆ = 1, ಮೇ = 1 ಎಂದು ಬಂದು ಮೋಟಾರ್ ನಿಂತಿರುತ್ತದೆ. ಕೆಳಗಿನ ಸ್ವಿಚ್ ಇಳಿದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಆ ಬಾರದ ಜೋಡಿ ಬರುತ್ತದೆ. ಆಗ ನೀರು ಉಕ್ಕದಿದ್ದರೂ ಮೇಲ್ಮಟ್ಟದ ಆಸುಪಾಸಿನಲ್ಲಿ ಮೋಟಾರ್ ಮತ್ತೆ ಮತ್ತೆ ಆನ್ ಆಫ್ ಆಗಿ ವೈಂಡಿಂಗ್ ಬಿಸಿಯಾಗುತ್ತದೆ. ಆದ್ದರಿಂದ ಉಳಿದ ಗೇಟುಗಳಲ್ಲಿ ಕೆ′·ಮೇ ಎಂಬ ಪದವನ್ನೇ ಕಟ್ಟಿ ಅದಕ್ಕೊಂದು ಕೆಂಪು ಎಲ್‌ಇಡಿ ಜೋಡಿಸಿ. ನಾರ್ ಗೇಟಿಗೆ ಕೆ ಮತ್ತು ಮೇ′ ಕೊಟ್ಟರೆ ಅದೇ ಸಿಗುತ್ತದೆ. ನಾಟ್ ಗೇಟುಗಳಿಗೆ ಇನ್ನೊಂದು 4001 ಬೇಕಾದೀತು.

ನಮ್ಮೂರಿನ ಕರೆಂಟಿಗಾಗಿ ಇದೊಂದನ್ನು ಮರೆಯಬೇಡಿ. ಕರೆಂಟ್ ಹೋಗಿ ಬಂದಾಗ ಟ್ಯಾಂಕ್ ಅರ್ಧ ತುಂಬಿದ್ದರೆ ಲ್ಯಾಚ್‌ಗೆ ಸೆಟ್ಟೂ ಇಲ್ಲ, ರೀಸೆಟ್ಟೂ ಇಲ್ಲ. ಅದು 0ಯಲ್ಲಿ ನಿಲ್ಲಬಹುದು, 1ರಲ್ಲಿಯೂ ನಿಲ್ಲಬಹುದು. ಮೇ ಬರುವ ಕಡೆ ಒಂದು ಕೆಪಾಸಿಟರ್ ಮತ್ತು ಡಯೋಡ್‌ನಿಂದ, ಸಪ್ಲೈ ಬಂದೊಡನೆ ಕ್ಷಣಕಾಲ 1 ಸಿಗುವಂತೆ ಮಾಡಿಕೊಳ್ಳಿ. ಆಗ ಪ್ರತಿ ಸಲವೂ ಮೋಟಾರ್ ನಿಂತ ಸ್ಥಿತಿಯಲ್ಲೇ ಶುರುವಾಗಿ, ನೀರು ಕೆಳಮಟ್ಟ ತಲುಪಿದಾಗ ಮಾತ್ರ ಓಡುತ್ತದೆ.